ಅಮ್ಮನ ಧಾರಾವಾಹಿ, ಅಪ್ಪನ ನ್ಯೂಸು, ನಮ್ಮ ಕಿವಿ: ನೀವೆಲ್ಲ ಹೇಗೆ ಸುಧಾರಿಸಿಕೊಂಡಿರಿ?

ಕೇಳಿದವರು: ಬೆಂಗಳೂರು, ವಿಜಯನಗರ

ಅಪ್ಪನಿಗೆ 78, ಅಮ್ಮನಿಗೆ 71. ಅಪ್ಪನ ಮಂಡಿ ಆಪರೇಷನ್ ಆದ ಮೇಲೆ ತಿಪಟೂರಿನ ಮನೆಗೆ ಬೀಗ ಹಾಕಿ ಇಬ್ಬರನ್ನೂ ಇಲ್ಲಿಗೆ ಕರೆದುಕೊಂಡು ಬಂದಿದ್ದೇವೆ. ನಮ್ಮದು ಎರಡು ರೂಮಿನ ಮನೆ. ವಾರಕ್ಕೆ ನಾಲ್ಕು ದಿನ ನನಗೆ ಮನೆಯಿಂದಲೇ ಕೆಲಸ.

ಬೆಳಗ್ಗೆ ಆರಕ್ಕೆ ಸುಪ್ರಭಾತದಿಂದ ಟಿವಿ ಶುರು. ಆಮೇಲೆ ರಾಶಿ ಭವಿಷ್ಯ, ಅಡುಗೆ, ನ್ಯೂಸು. ಊಟದ ಹೊತ್ತಿಗೆ ನಿನ್ನೆ ರಾತ್ರಿಯ ಧಾರಾವಾಹಿಗಳ ಮರುಪ್ರಸಾರ. ನಂತರ ಹಳೇ ಸಿನಿಮಾ, ಮತ್ತೆ ನ್ಯೂಸು, ಮತ್ತೆ ಹೊಸ ಧಾರಾವಾಹಿ. ರಾತ್ರಿ ಹತ್ತೂವರೆಗೆ ಆಫ್. ವಾಲ್ಯೂಮ್ 45. ನಾನು ಮೀಟಿಂಗ್‌ನಲ್ಲಿ ಮಾತಾಡುವಾಗ ಹಿಂದೆ ಯಾರೋ ಅತ್ತೆ ಸೊಸೆಗೆ ಶಾಪ ಹಾಕುತ್ತಿರುತ್ತಾಳೆ. ಮೊನ್ನೆ ಮ್ಯಾನೇಜರ್, 'ಮನೆಯಲ್ಲಿ ಎಲ್ಲ ಸರಿ ಇದೆ ತಾನೇ?' ಅಂತ ಕೇಳಿದರು. ಮಗಳದು ಈ ವರ್ಷ ಎಸ್ಸೆಸ್ಸೆಲ್ಸಿ.

ಕಡಿಮೆ ಮಾಡಿ ಅಂದರೆ ಅಮ್ಮ ಪೂರ್ತಿ ಆಫ್ ಮಾಡಿ ಎರಡು ದಿನ ಗೋಡೆ ನೋಡುತ್ತಾ ಕೂರುತ್ತಾರೆ. ಅದನ್ನು ನೋಡುವುದು ಟಿವಿ ಸದ್ದಿಗಿಂತ ಕಷ್ಟ. ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ. 'ಅಪ್ಪ ಅಮ್ಮ ದೇವರು, ಸಹಿಸಿಕೋ' ಅನ್ನುವ ಉತ್ತರ ಬೇಡ. ಅದು ನನಗೆ ಗೊತ್ತು.

ಮೈಸೂರಿನಿಂದ

ಮೊದಲು ಒಂದು ಪ್ರಶ್ನೆ. ಕಿವಿ ತೋರಿಸಿದ್ದೀರಾ?

ನಾವು ಮೂರು ವರ್ಷ ಟಿವಿಯ ಮೇಲೆ ಜಗಳ ಆಡಿದೆವು. ಅಸಲಿ ವಿಷಯ ಅಮ್ಮನ ಕಿವಿಯದು ಅಂತ ಹೊಳೆದಿದ್ದು ಅಡುಗೆಮನೆಯಲ್ಲಿ. 'ಸಾರು ಬಿಸಿ ಮಾಡಲಾ?' ಅಂತ ಕೇಳಿದೆ. 'ಯಾರು?' ಅಂದರು. ಅವರಿಗೆ ನನ್ನ ದನಿ ಕೇಳಿಸಿತ್ತು. 'ಸ' ಮಾತ್ರ ಕೇಳಿಸಿರಲಿಲ್ಲ.

ವಯಸ್ಸಾದಾಗ ಕಿವಿ ಎಲ್ಲ ಶಬ್ದವನ್ನೂ ಒಂದೇ ಸಮ ಕಳೆದುಕೊಳ್ಳುವುದಿಲ್ಲ. ಮೊದಲು ಹೋಗುವುದು ತೆಳ್ಳಗಿನ, ಕೀಚು ದನಿಗಳು. ಸ, ಶ, ಚ, ತ, ಫ ಇಂಥವು. ಅ, ಆ, ಓ ಚೆನ್ನಾಗಿಯೇ ಕೇಳುತ್ತವೆ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಆಗ ಮನುಷ್ಯ ಮಾಡುವುದೇನು? ವಾಲ್ಯೂಮ್ ಏರಿಸುವುದು. ಮಾತಿನ ಜೊತೆಗೆ ಆ ಡಂ ಡಂ ಸಂಗೀತವೂ ಏರುತ್ತದೆ, ಮಾತು ಮತ್ತೆ ಅದರಡಿ ಮುಳುಗುತ್ತದೆ. ಮತ್ತೆ ಏರಿಸುತ್ತಾರೆ. ನಮ್ಮ ಧಾರಾವಾಹಿಗಳಲ್ಲಿ ಯಾರಾದರೂ ತಿರುಗಿ ನೋಡಿದರೂ ಮೂರು ಸಲ ಗುಡುಗು ಬರುತ್ತದೆ, ಅಲ್ವಾ? 'ಮೆಲ್ಲಗೆ ಹೇಳಿದರೆ ಕೇಳಲ್ಲ, ಜೋರಾಗಿ ಹೇಳಿದರೆ ಯಾಕೆ ಕಿರುಚ್ತೀಯ ಅಂತಾರೆ' ಅಂತ ನಾವು ನಗುತ್ತಿದ್ದೆವಲ್ಲ, ಅದೂ ಇದೇ ತೊಂದರೆಯ ಇನ್ನೊಂದು ಮುಖವಂತೆ. ಸಣ್ಣ ಸದ್ದು ಕೇಳಿಸದ ಕಿವಿಗೆ ದೊಡ್ಡ ಸದ್ದು ಬೇಗ ಚುಚ್ಚುತ್ತದೆ.

ನಮ್ಮ ಪುಣ್ಯಕ್ಕೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಲ್ಲೇ ಮಾನಸಗಂಗೋತ್ರಿಯಲ್ಲಿದೆ. 1960ರ ದಶಕದಿಂದ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಬೇರೆ ಊರಿನವರು ಹತ್ತಿರದ ಇಎನ್‌ಟಿ ಡಾಕ್ಟರ ಹತ್ತಿರ ಶುರು ಮಾಡಬಹುದು. ಯಾಕೆಂದರೆ ಮೊದಲು ನೋಡಬೇಕಾದ್ದು ಗುಗ್ಗೆ. ನಗಬೇಡಿ. ಎಷ್ಟೋ ಜನರಿಗೆ ಅರ್ಧ ಸಮಸ್ಯೆ ಅಲ್ಲೇ ಇರುತ್ತದೆ. ಆಮೇಲೆ ಕಿವಿಗೆ ಹೆಡ್‌ಫೋನ್ ಹಾಕಿ ಸಣ್ಣ ದಪ್ಪ ಶಬ್ದಗಳನ್ನು ಕೇಳಿಸಿ ಗ್ರಾಫ್ ಬರೆಯುತ್ತಾರೆ. ನೋವಿಲ್ಲ, ಸೂಜಿ ಇಲ್ಲ. ಅಮ್ಮನ ಗ್ರಾಫ್ ಎಡಗಡೆ, ಅಂದರೆ ದಪ್ಪ ದನಿಗಳ ಕಡೆ, ಪರವಾಗಿಲ್ಲ ಅನ್ನುವ ಹಾಗಿತ್ತು, ಬಲಗಡೆಯ ತೆಳ್ಳಗಿನ ದನಿಗಳ ಕಡೆಗೆ ಹೋಗುತ್ತಾ ಚಾಮುಂಡಿ ಬೆಟ್ಟದ ಮೆಟ್ಟಿಲ ಹಾಗೆ ಇಳಿದಿತ್ತು. ಅದನ್ನು ನೋಡಿದ ದಿನ ನಾನು ಮೂರು ವರ್ಷದ ಎಲ್ಲಾ ಬೈಗುಳವನ್ನೂ ಮನಸ್ಸಿನಲ್ಲೇ ವಾಪಸ್ ತಗೊಂಡೆ.

ಕಿವಿಗೆ ಮೆಷಿನ್ ಹಾಕಿಸಲು ಒಪ್ಪಿಸುವುದಕ್ಕೆ ಎಂಟು ತಿಂಗಳು ಹಿಡಿಯಿತು. 'ಕಿವುಡಿ ಅಂತಾರೆ.' ಅರವತ್ತು ದಾಟಿದವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ತೊಂದರೆ ಕೊಡುವಷ್ಟು ಕಿವಿ ಮಂದ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ ಅಂದೆ. ಅಮ್ಮ, 'ಉಳಿದ ಮೂವರಲ್ಲಿ ನಾನಿದ್ದೇನೆ' ಅಂದರು. ಕೊನೆಗೆ ಒಪ್ಪಿದ್ದು ಪಕ್ಕದ ಬೀದಿಯ ಅವರ ಗೆಳತಿ ಹಾಕಿಸಿಕೊಂಡ ಮೇಲೆ. ಮೊದಲ ವಾರ ಪೇಪರ್ ಮಡಚುವ ಸದ್ದು, ಸೊಪ್ಪು ಬಿಡಿಸುವ ಸದ್ದು, ಎಲ್ಲವೂ ತಲೆ ತಿನ್ನುತ್ತದೆ. ತಲೆ ಅದಕ್ಕೆ ಒಗ್ಗಲು ಕೆಲವು ವಾರ ಬೇಕು. ಬಹಳ ಜನ ಮೊದಲ ವಾರದಲ್ಲೇ ಡಬ್ಬಿಗೆ ಹಾಕಿ ಬೀರುವಿನಲ್ಲಿಡುತ್ತಾರೆ. ಅಲ್ಲಿ ನೀವು ಗಟ್ಟಿ ಇರಬೇಕು. ಈಗಲೂ ನಮ್ಮಮ್ಮ ನೆಂಟರು ಬಂದರೆ ತೆಗೆದಿಡುತ್ತಾರೆ. ನೆಂಟರ ಮಾತು ಕೇಳಿಸದಿದ್ದರೂ ಪರವಾಗಿಲ್ಲವಂತೆ, ಧಾರಾವಾಹಿ ಕೇಳಿಸಿದರೆ ಸಾಕಂತೆ.

ಟಿವಿ ಕಡೆಯೂ ಸ್ವಲ್ಪ ಕೆಲಸ ಇದೆ. ಈಗಿನ ಚಪ್ಪಟೆ ಟಿವಿಗಳಲ್ಲಿ ಸ್ಪೀಕರ್ ಕೆಳಗೋ ಹಿಂದೋ ಇರುತ್ತದೆ. ಸದ್ದು ಗೋಡೆಗೆ ಹೋಗಿ ಬರುತ್ತದೆ. ಮುಂದಕ್ಕೆ ಮುಖ ಮಾಡಿದ ಒಂದು ಸಣ್ಣ ಸೌಂಡ್‌ಬಾರ್ ಇಟ್ಟರೆ ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ಸೆಟ್ಟಿಂಗ್‌ನಲ್ಲಿ 'ಕ್ಲಿಯರ್ ವಾಯ್ಸ್' ಥರದ್ದು ಏನಾದರೂ ಇದ್ದರೆ ಹಾಕಿ, ಬೇಸ್ ಇಳಿಸಿ. ಬ್ಲೂಟೂತ್ ಹೆಡ್‌ಫೋನ್ ನಾವೂ ತಂದಿದ್ದೆವು. ತುಟಿ ಮೊದಲು, ಮಾತು ಆಮೇಲೆ. 'ಇದು ಡಬ್ಬಿಂಗಾ?' ಅಂತ ಅಮ್ಮ ಕೇಳಿದರು. ಟಿವಿ ಹತ್ತಿರ ಪುಟ್ಟ ಸ್ಟ್ಯಾಂಡ್ ಇಟ್ಟು ರೇಡಿಯೋ ಅಲೆಯಲ್ಲಿ ಕಳಿಸುವ ವೈರ್‌ಲೆಸ್ ಹೆಡ್‌ಫೋನ್ ಬರುತ್ತದೆ, ಅದರಲ್ಲಿ ಈ ಗೋಳಿಲ್ಲ. ಆದರೆ ಎರಡೂ ಕಿವಿ ಮುಚ್ಚಿಕೊಂಡರೆ ಬೆಲ್ ಕೇಳಿಸದು, ಕುಕ್ಕರ್ ಕೇಳಿಸದು. ಮನೆಯಲ್ಲಿ ಒಬ್ಬರೇ ಇರುವಾಗ ಬೇಡ.

ನಮ್ಮಲ್ಲಿ 38 ಇದ್ದ ವಾಲ್ಯೂಮ್ ಈಗ 17. ಟಿವಿ ನೋಡುವ ಹೊತ್ತು ಒಂದು ನಿಮಿಷವೂ ಕಡಿಮೆ ಆಗಿಲ್ಲ. ನನಗೆ ಬೇಕಾಗಿದ್ದೂ ಅದಲ್ಲ.

ಇನ್ನೊಂದು. ರಾತ್ರಿ ನೋಡಿದ್ದನ್ನೇ ಮಧ್ಯಾಹ್ನ ಯಾಕೆ ಮತ್ತೆ ನೋಡುತ್ತಾರೆ ಅಂತ ನನಗೂ ಸಿಟ್ಟಿತ್ತು. ಒಂದು ರಾತ್ರಿ ಪಕ್ಕ ಕೂತು ನೋಡಿದೆ. ಒಂಬತ್ತೂ ಕಾಲಿಗೆ ಅಮ್ಮನ ತಲೆ ವಾಲಿತು. ಅವರು ರಾತ್ರಿ ನೋಡುವುದೇ ಇಲ್ಲ, ಸುಮ್ನೆ ಹಾಜರಿ ಹಾಕುತ್ತಾರೆ. ನೋಡುವುದು ಮಧ್ಯಾಹ್ನ.

ಮಂಗಳೂರಿನಿಂದ

ಚಿಕ್ಕ ಉಪಾಯ. ದಿನಕ್ಕೆ ಮೂರು ಸಲ ಆಫೀಸಿಗೆ ಫೋನ್ ಬರುತ್ತಿತ್ತು: 'ಟಿವಿಯಲ್ಲಿ ನೋ ಸಿಗ್ನಲ್ ಅಂತ ಬರ್ತಿದೆ.' ರಿಮೋಟ್‌ನಲ್ಲಿ ಸೋರ್ಸ್ ಬಟನ್ ಒತ್ತಿಬಿಡುತ್ತಿದ್ದರು. ಟಿವಿಗೆ ಒಂದು, ಸೆಟ್‌ಟಾಪ್ ಬಾಕ್ಸ್‌ಗೆ ಒಂದು, ಎರಡೂ ಕಪ್ಪು, ಎರಡೂ ಒಂದೇ ಉದ್ದ. ಟಿವಿಯ ರಿಮೋಟ್ ಬ್ಯಾಟರಿ ತೆಗೆದು ಕಪಾಟಿಗೆ ಹಾಕಿದೆ. ಬಾಕ್ಸಿನ ರಿಮೋಟ್‌ನಿಂದಲೇ ಟಿವಿ ಆನ್ ಆಗುವ ಹಾಗೆ ಕೇಬಲ್ ಹುಡುಗ ಮಾಡಿಕೊಟ್ಟ. ಬೇಡದ ಬಟನ್‌ಗಳ ಮೇಲೆ ಕಪ್ಪು ಇನ್ಸುಲೇಷನ್ ಟೇಪ್. ಆನ್‌ಗೆ ಕೆಂಪು ಉಗುರು ಬಣ್ಣದ ಚುಕ್ಕೆ, ವಾಲ್ಯೂಮ್‌ಗೆ ಬಿಳಿ. ಚಾನೆಲ್ ನಂಬರ್‌ಗಳನ್ನು ದಪ್ಪ ಅಕ್ಷರದಲ್ಲಿ ಬರೆದು ರಟ್ಟಿಗೆ ಅಂಟಿಸಿಟ್ಟೆ.

ಅದರಲ್ಲೊಂದು ತಮಾಷೆ. 'ಕಲರ್ಸ್' ಅಂತ ಬರೆದಿದ್ದೆ. ಅಮ್ಮ ಎರಡು ದಿನ 'ಈಟಿವಿ ಎಲ್ಲಿ?' ಅಂತ ಹುಡುಕಿದರು. ಹೆಸರು ಬದಲಾಗಿದ್ದು 2015ರಲ್ಲಿ. ಅವರಿಗೆ ಇವತ್ತಿಗೂ ಅದು ಈಟಿವಿ. ರಟ್ಟನ್ನೇ ತಿದ್ದಿದೆ.

ಹಾಸನದಿಂದ

ನಿಮ್ಮದು ಅತ್ತೆ ಸೊಸೆ, ನಮ್ಮದು ಬ್ರೇಕಿಂಗ್ ನ್ಯೂಸ್. ಧಾರಾವಾಹಿಯೇ ವಾಸಿ ಅಂತ ನನ್ನ ಅಭಿಪ್ರಾಯ. ಅದರಲ್ಲಿ ಕೆಟ್ಟವರು ಯಾರು ಅಂತಲಾದರೂ ಗೊತ್ತಿರುತ್ತದೆ.

ಅಪ್ಪ ಕೆಇಬಿಯಲ್ಲಿದ್ದವರು. ರಿಟೈರ್ ಆಗಿ ಹದಿನೇಳು ವರ್ಷ. ಬೆಳಗ್ಗೆ ಏಳರಿಂದ ಒಂದೇ ಸುದ್ದಿಯನ್ನು ಎಂಟು ಸಲ, ನಾಲ್ಕು ಚಾನೆಲ್‌ಗಳಲ್ಲಿ. ಬೆಂಗಳೂರಿನಲ್ಲಿ ಎಲ್ಲೋ ಒಂದು ಅಂಡರ್‌ಪಾಸ್‌ನಲ್ಲಿ ನೀರು ನಿಂತರೆ ತಂಗಿಗೆ ಐದು ಫೋನ್: 'ಬೆಂಗಳೂರೆಲ್ಲ ಮುಳುಗಿದೆಯಂತೆ, ನೀನು ಎಲ್ಲಿದ್ದೀಯ?' ಅವಳು ಮೂರನೇ ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿರುತ್ತಾಳೆ. ಚುನಾವಣೆ ಬಂದರಂತೂ ಊಟದ ತಟ್ಟೆ ಮುಂದೆಯೇ ಕೂಗಾಟ. ಒಂದು ಸಲ ಚರ್ಚೆ ಮುಗಿದ ಕೂಡಲೇ ಬಿಪಿ ನೋಡಿದೆವು. ಬೆಳಗ್ಗೆಗಿಂತ ತುಂಬಾ ಜಾಸ್ತಿ ಇತ್ತು. ಅದನ್ನೇ ಒಂದು ಪುಸ್ತಕದಲ್ಲಿ ಹತ್ತು ದಿನ ಬರೆದೆ. ಬೆಳಗ್ಗೆ ಎದ್ದಾಗ ಒಂದು, ರಾತ್ರಿ ಚರ್ಚೆ ಆದ ಮೇಲೆ ಒಂದು. ಬಾಯಲ್ಲಿ ಏನೂ ಹೇಳಲಿಲ್ಲ. ಅಪ್ಪ ಜೀವಮಾನವಿಡೀ ಮೀಟರ್ ರೀಡಿಂಗ್ ನೋಡಿದವರು. ಅಂಕಿ ಅಂದರೆ ನಂಬುತ್ತಾರೆ.

ಟಿವಿ ಬಿಡಿಸಲು ಹೋಗಲಿಲ್ಲ, ಆ ಜಾಗಕ್ಕೆ ರೇಡಿಯೋ ತಂದೆ. ಹಾಸನ ಆಕಾಶವಾಣಿ ಬೆಳಗ್ಗೆಯಿಂದ. ಬೇರೆ ಊರಿನ ಕೇಂದ್ರಗಳು ಬೇಕಾದರೆ ಮೊಬೈಲ್‌ನಲ್ಲಿ ನ್ಯೂಸ್ ಆನ್ ಏರ್ ಆಪ್ ಇದೆ, ಬೆಂಗಳೂರಿನ ಅಮೃತವರ್ಷಿಣಿಯ ಸಂಗೀತವೂ ಅದರಲ್ಲೇ ಸಿಗುತ್ತದೆ. ರೇಡಿಯೋದಲ್ಲಿ ವಾರ್ತೆ ಒಂದು ಹೊತ್ತಿಗೆ ಬರುತ್ತದೆ, ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಆಮೇಲೆ ಕೃಷಿರಂಗವೋ ಚಿತ್ರಗೀತೆಯೋ. ಯಾರೂ ಕೂಗುವುದಿಲ್ಲ. ಕೆಂಪು ಪಟ್ಟಿ ಓಡುವುದಿಲ್ಲ. ಕೈಯಲ್ಲಿ ಹಿಡಿದುಕೊಂಡು ತೋಟಕ್ಕೂ ಹೋಗಬಹುದು, ಅದೇ ದೊಡ್ಡ ಲಾಭ. ಅಪ್ಪನಿಗೆ ಇನ್ನೊಂದು ಹೆಮ್ಮೆ ಸಿಕ್ಕಿದೆ. 'ಆಕಾಶವಾಣಿ ಅನ್ನುವ ಹೆಸರೇ ಮೈಸೂರಿನದು. ಗೋಪಾಲಸ್ವಾಮಿಯವರು 1935ರಲ್ಲಿ ಮನೆಯಲ್ಲೇ ಶುರು ಮಾಡಿದ್ದು' ಅಂತ ಬಂದವರಿಗೆಲ್ಲ ಹೇಳುತ್ತಾರೆ. ನಾನೇ ಹನ್ನೆರಡು ಸಲ ಕೇಳಿದ್ದೇನೆ.

ರಾತ್ರಿಯ ಚರ್ಚೆ ಮಾತ್ರ ಬಿಟ್ಟಿಲ್ಲ. ಬಿಡುವುದೂ ಇಲ್ಲ. ಬಿಪಿ ಪುಸ್ತಕ ಟಿವಿ ಪಕ್ಕದಲ್ಲೇ ಇದೆ.

ಹುಬ್ಬಳ್ಳಿಯಿಂದ

ನಾನು ಮಾಡಿದ್ದನ್ನು ನೀವು ಮಾಡಬೇಡಿ ಅಂತ ಹೇಳಲು ಬರೆಯುತ್ತಿದ್ದೇನೆ.

ಮಗನ ಪಿಯುಸಿ ಪರೀಕ್ಷೆ. ಹಿಂದಿನ ರಾತ್ರಿ ಬಾಕ್ಸ್‌ನ ಕೇಬಲ್ ಸಡಿಲ ಮಾಡಿ, 'ಲೈನ್ ಹೋಗೇತಿ, ಹದಿನೈದು ದಿನ ಆಕ್ಕೇತಂತ' ಅಂದೆ. ಅಪ್ಪ ಏನೂ ಅನ್ನಲಿಲ್ಲ. ದಿನಾ ಬೆಳಗ್ಗೆ ಕೇಬಲ್‌ನವನಿಗೆ ಫೋನ್ ಮಾಡುತ್ತಿದ್ದರು. ನನಗೆ ಗೊತ್ತಿರಲಿಲ್ಲ. ಆರನೇ ದಿನ ಅವನೇ ಮನೆಗೆ ಬಂದು ನೋಡಿ, 'ಅಜ್ಜಾರ, ಇದನ್ನ ಯಾರೋ ಕೈಲೇ ಬಿಚ್ಯಾರ' ಅಂದನಂತೆ. ಸಂಜೆ ನಾನು ಬಂದಾಗ ಅಪ್ಪ ಮನೆಯಲ್ಲಿರಲಿಲ್ಲ. ಕಟಿಂಗ್ ಅಂಗಡಿಯ ಬೆಂಚಿನ ಮೇಲೆ ಕೂತು ಅಲ್ಲಿಯ ಟಿವಿ ನೋಡುತ್ತಿದ್ದರು. ಪರೀಕ್ಷೆ ಮುಗಿಯುವವರೆಗೆ ದಿನಾ ಅಲ್ಲಿಗೇ ಹೋದರು. ಮನೆಯ ಟಿವಿಗೆ ಕೈ ಹಚ್ಚಲಿಲ್ಲ.

ಎರಡು ವರ್ಷ ಆಯಿತು. ಆ ಮಾತು ಅವರೂ ತೆಗೆದಿಲ್ಲ, ನಾನೂ ತೆಗೆದಿಲ್ಲ. ಅವರ ಎದುರು ರಿಮೋಟ್ ಹಿಡಿಯಲು ನನಗೆ ಈಗಲೂ ಆಗುವುದಿಲ್ಲ.

ದಾವಣಗೆರೆಯಿಂದ

ಸದ್ದು, ಹೊತ್ತು, ಇವೆಲ್ಲ ಸಹಿಸಬಹುದು. ಬೆಳಗಿನ ಹೊತ್ತು ಫೋನ್ ನಂಬರ್ ತೋರಿಸುವ ಕಾರ್ಯಕ್ರಮಗಳ ಮೇಲೆ ಮಾತ್ರ ಒಂದು ಕಣ್ಣಿಡಿ.

ನಮ್ಮತ್ತೆ ಒಳ್ಳೇ ಜಾಣೆ. ಅಕ್ಕಿಯಲ್ಲಿ ನೂರು ಗ್ರಾಂ ಕಡಿಮೆ ಆದರೂ ಅಂಗಡಿಯವನನ್ನು ಬಿಡುವವರಲ್ಲ. ಅಂಥವರು ಟಿವಿಯಲ್ಲಿ ಕಂಡ ನಂಬರ್‌ಗೆ ಫೋನ್ ಮಾಡಿ ಮೊದಲು ಒಂದು ಯಂತ್ರ ತರಿಸಿದರು, ಆಮೇಲೆ ಸಕ್ಕರೆ ಕಾಯಿಲೆಯನ್ನು ಬೇರು ಸಮೇತ ತೆಗೆಯುವ ಪುಡಿ. ಎಲ್ಲಾ ಸೇರಿ ಎಂಟೂವರೆ ಸಾವಿರ. ದುಡ್ಡು ಹೋದರೆ ಹೋಗಲಿ ಅನ್ನಬಹುದಿತ್ತು. ಪುಡಿ ಬಂದಿದೆಯಲ್ಲ ಅಂತ ಸಕ್ಕರೆ ಮಾತ್ರೆ ನಿಲ್ಲಿಸಿಬಿಟ್ಟಿದ್ದರು. ಮೂರು ವಾರ ಯಾರಿಗೂ ಗೊತ್ತಾಗಲಿಲ್ಲ. ತಲೆ ಸುತ್ತಿ ಬಿದ್ದಾಗ ಆಸ್ಪತ್ರೆಯಲ್ಲಿ ಗೊತ್ತಾಯಿತು.

'ಟಿವಿಯಲ್ಲೇ ಬಂದಿದೆ, ಸುಳ್ಳು ಹೇಳುತ್ತಾರಾ?' ಅನ್ನುವುದು ಆ ತಲೆಮಾರಿನ ನಂಬಿಕೆ. ದೂರದರ್ಶನ ಒಂದೇ ಇದ್ದ ಕಾಲದಿಂದ ಬಂದ ನಂಬಿಕೆ ಇರಬೇಕು. ಚಾನೆಲ್‌ನ ಹೊತ್ತನ್ನು ದುಡ್ಡು ಕೊಟ್ಟು ಕೊಂಡು ಮಾಡುವ ಕಾರ್ಯಕ್ರಮಗಳೂ ಇರುತ್ತವೆ ಅಂತ ಅವರಿಗೆ ಯಾರೂ ಹೇಳಿಲ್ಲ. ಸಕ್ಕರೆ ಕಾಯಿಲೆ, ಬಿಪಿ, ಪಾರ್ಶ್ವವಾಯು, ಕಿವುಡು ಇವನ್ನೆಲ್ಲ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವಂತೆಯೇ ಇಲ್ಲ. 1954ರಿಂದಲೇ ಕಾನೂನಿದೆ. ಇದನ್ನು ನಾನು ಹೇಳಿದಾಗ ಅತ್ತೆ ನಂಬಲಿಲ್ಲ. ಅವರ ಡಾಕ್ಟರ್ ಹೇಳಿದಾಗ ನಂಬಿದರು. ಯಾರ ಬಾಯಿಂದ ಹೇಳಿಸಬೇಕು ಅನ್ನುವುದೂ ಮುಖ್ಯ.

ಈಗ ಟಿವಿ ಸ್ಟ್ಯಾಂಡ್ ಮೇಲೆ ಒಂದು ಚೀಟಿ ಇದೆ: 'ಯಾವ ನಂಬರಿಗೂ ಮೊದಲು ನನಗೆ ಫೋನ್ ಮಾಡಿ.' ಕೆಳಗೆ ನನ್ನ ನಂಬರ್. ಕೊಂಡ ಸಾಮಾನಿನ ದೂರಿಗೆ ಗ್ರಾಹಕರ ಸಹಾಯವಾಣಿ 1915. ಓಟಿಪಿ ಕೇಳಿ ಬ್ಯಾಂಕಿನಿಂದಲೇ ದುಡ್ಡು ಎಳೆದಿದ್ದರೆ 1930, ಅದೂ ತಡ ಮಾಡದೆ. ಪೇ ಚಾನೆಲ್ ಆದರೆ ಪ್ಯಾಕ್‌ನಿಂದ ತೆಗೆಸಬಹುದು. 2019ರ ಫೆಬ್ರವರಿಯಿಂದ ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳುವ ನಿಯಮ ಇದೆ. ಆದರೆ ಅವರಿಗೆ ಹೇಳಿಯೇ ತೆಗೆಸಿ. ಮೇಲೆ ಹುಬ್ಬಳ್ಳಿಯವರು ಬರೆದಿದ್ದನ್ನು ಓದಿದಿರಲ್ಲ.

ಉಡುಪಿಯಿಂದ

ನಾನು ಫಿಸಿಯೋಥೆರಪಿಸ್ಟ್. ನನಗೆ ಟಿವಿಗಿಂತ ಸೋಫಾ ಮೇಲೆ ಸಿಟ್ಟು. ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕಬಾರದು ಅಂತ ಕೇಬಲ್ ಟಿವಿ ನಿಯಮ. ನಮ್ಮ ಮನೆಯಲ್ಲಿ ಆ ಹೊತ್ತು ಅಮ್ಮನ ವ್ಯಾಯಾಮಕ್ಕೆ. ಜಾಹೀರಾತು ಬಂತು ಅಂದರೆ ಏಳಬೇಕು. ಭಾರದ ಕುರ್ಚಿಯ ಬೆನ್ನು ಹಿಡಿದುಕೊಂಡು ಹಿಮ್ಮಡಿ ಎತ್ತಿ ಇಳಿಸುವುದು, ಕೂತು ಏಳುವುದು, ಅಡುಗೆಮನೆಗೆ ಹೋಗಿ ಬರುವುದು. ಅರವತ್ತೈದು ದಾಟಿದವರಿಗೆ ವಾರಕ್ಕೆ ಕಡೇಪಕ್ಷ 150 ನಿಮಿಷ ಚಟುವಟಿಕೆ, ಅದರಲ್ಲಿ ಮೂರು ದಿನವಾದರೂ ಸಮತೋಲನದ ವ್ಯಾಯಾಮ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪಾರ್ಕಿಗೆ ಬಾ ಅಂದರೆ ನಮ್ಮಮ್ಮ ಬರುವುದಿಲ್ಲ. ಸಾಬೂನಿನ ಜಾಹೀರಾತಿಗೆ ಏಳುತ್ತಾರೆ. ನಿಮ್ಮ ತಂದೆಗೆ ಮಂಡಿ ಆಪರೇಷನ್ ಆಗಿದೆ, ಯಾವುದನ್ನು ಎಷ್ಟು ಮಾಡಬಹುದು ಅಂತ ಸರ್ಜನ್ ಹತ್ತಿರ ಕೇಳಿಕೊಳ್ಳಿ.

ಅಮೆರಿಕದ ನ್ಯೂಜೆರ್ಸಿಯಿಂದ

ನಮ್ಮಲ್ಲಿ ಅಪ್ಪ ಅಮ್ಮ ಆರು ತಿಂಗಳಿಗೆ ಬಂದು ಹೋಗುತ್ತಾರೆ. ಊರಿನ ರಾತ್ರಿ ಧಾರಾವಾಹಿ ಇಲ್ಲಿ ಹಗಲಿನ ಟಿವಿ. ಅಲ್ಲಿ ಸಂಜೆ ಏಳೂವರೆ ಅಂದರೆ ಇಲ್ಲಿ ಬೆಳಗ್ಗೆ ಹತ್ತು. ಇಬ್ಬರೂ ಸ್ನಾನ, ತಿಂಡಿ ಮುಗಿಸಿ ಥಿಯೇಟರಿಗೆ ಹೋಗುವವರ ಹಾಗೆ ಬಂದು ಕೂರುತ್ತಾರೆ. ನವೆಂಬರ್‌ನಲ್ಲಿ ಇಲ್ಲಿಯ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರಲ್ಲ, ಆಗ ಅದೇ ಧಾರಾವಾಹಿ ಒಂಬತ್ತಕ್ಕೇ ಬಂತು. ಅಮ್ಮ ದೋಸೆ ಹಾಕುತ್ತಿದ್ದರು. 'ನಮಗೆ ಹೇಳದೆ ಟೈಮ್ ಬದಲಾಯಿಸಿದ್ದಾರೆ' ಅಂತ ಚಾನೆಲ್ ಮೇಲೆ ಸಿಟ್ಟು. ಬೇಸಿಗೆ ಸಮಯ, ಚಳಿಗಾಲದ ಸಮಯ ಅಂತ ಅರ್ಧ ಗಂಟೆ ವಿವರಿಸಿದೆ. 'ಸೂರ್ಯನಿಗೆ ಗೊತ್ತಾ ಇದು?' ಅಂತ ಅಪ್ಪ ಕೇಳಿದರು.

ಆಪ್‌ನಲ್ಲಿ ಯಾವಾಗ ಬೇಕಾದರೂ ನೋಡಬಹುದಮ್ಮ, ಮಧ್ಯಾಹ್ನ ನೋಡಿ ಅಂದೆ. ಬೇಡವಂತೆ. ಯಾಕೆ ಅಂತ ತಿಳಿಯಲು ನನಗೆ ಎರಡು ಚಳಿಗಾಲ ಬೇಕಾಯಿತು. ಧಾರಾವಾಹಿ ಮುಗಿದ ಕೂಡಲೇ ಮಂಡ್ಯದಿಂದ ಚಿಕ್ಕಮ್ಮನ ವಾಟ್ಸಾಪ್ ಕಾಲ್ ಬರುತ್ತದೆ. 'ನೋಡಿದ್ಯಾ ಅವಳು ಮಾಡಿದ್ದನ್ನ?' ಅಂತ ಶುರು. ನಲವತ್ತು ನಿಮಿಷ. ಮೊದಲ ಐದು ನಿಮಿಷ ಕಥೆ. ಉಳಿದದ್ದು ಯಾರ ಮನೆಯಲ್ಲಿ ನಾಮಕರಣ, ಯಾರಿಗೆ ಶುಗರ್, ಯಾರ ಗದ್ದೆಗೆ ನೀರು ಬಂತು. ಮಧ್ಯಾಹ್ನ ನೋಡಿದರೆ ಈ ಫೋನ್ ಇಲ್ಲ. ಹೊರಗೆ ಮೊಳಕಾಲುದ್ದ ಹಿಮ. ನಡೆದು ಹೋಗುವಷ್ಟು ದೂರದಲ್ಲಿ ಗುರುತಿನವರ ಒಂದು ಮನೆ ಇಲ್ಲ. ಆ ಹೊತ್ತಿನ ನನ್ನ ಮೀಟಿಂಗ್‌ಗಳನ್ನೆಲ್ಲ ಕೆಳಗಿನ ಬೇಸ್‌ಮೆಂಟ್‌ಗೆ ಬದಲಾಯಿಸಿಕೊಂಡೆ.

ಪುಣೆಯಿಂದ, ಟಿವಿ ನೋಡುವ ಅಮ್ಮ

ಇಲ್ಲಿ ಬರೆದವರೆಲ್ಲ ಮಕ್ಕಳು. ನನ್ನದು ಇನ್ನೊಂದು ಕಡೆ. ವಯಸ್ಸು 74. ಶಿವಮೊಗ್ಗದಲ್ಲಿ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದೆ. ಈಗ ಮಗನ ಮನೆಯಲ್ಲಿದ್ದೇನೆ. ಟೈಪ್ ಮಾಡಿದ್ದು ಮೊಮ್ಮಗಳು, ಮಾತು ನನ್ನದು.

ಬೆಳಗ್ಗೆ ಒಂಬತ್ತಕ್ಕೆ ಎಲ್ಲರೂ ಹೋಗುತ್ತಾರೆ. ಸಂಜೆ ಆರಕ್ಕೆ ಬರುತ್ತಾರೆ. ಲಿಫ್ಟ್‌ನಲ್ಲಿ ಮರಾಠಿ, ಕೆಲಸದವಳ ಹತ್ತಿರ ನನ್ನ ಅರ್ಧಂಬರ್ಧ ಹಿಂದಿ. ಆ ಒಂಬತ್ತು ಗಂಟೆ ನನ್ನ ಮನೆಯಲ್ಲಿ ಕನ್ನಡ ಮಾತಾಡುವುದು ಟಿವಿ ಒಂದೇ. ಎಷ್ಟೋ ಸಲ ನಾನು ನೋಡುತ್ತಿರುವುದೂ ಇಲ್ಲ. ಅಡುಗೆಮನೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿರುತ್ತೇನೆ, ಹಾಲ್‌ನಲ್ಲಿ ಯಾರೋ ಜನ ಇದ್ದಾರೆ ಅನ್ನಿಸುತ್ತದೆ. ಮಗ ಬಂದವನೇ 'ಯಾರೂ ನೋಡ್ತಿಲ್ಲ, ಕರೆಂಟ್ ದಂಡ' ಅಂತ ಆಫ್ ಮಾಡುತ್ತಾನೆ. ಆ ಕ್ಷಣ ಮನೆ ಹೇಗಾಗುತ್ತದೆ ಅಂತ ಅವನಿಗೆ ಗೊತ್ತಿಲ್ಲ.

ಎಲ್ಲಾ ಒಳ್ಳೆಯದನ್ನೇ ನೋಡುತ್ತೇನೆ ಅಂತ ಸುಳ್ಳು ಹೇಳುವುದಿಲ್ಲ. ಅರ್ಧ ಕಸ. ಡಬ್ ಆದವು ಈಗ ಜಾಸ್ತಿ, ತುಟಿ ಒಂದು ಹೇಳುತ್ತದೆ, ಮಾತು ಇನ್ನೊಂದು. ಆದರೆ ಚಂದನದಲ್ಲಿ 'ಥಟ್ ಅಂತ ಹೇಳಿ' ಹಾಕಿದರೆ ನಾನು ಇವತ್ತಿಗೂ ಸ್ಪರ್ಧಿಗಳಿಗಿಂತ ಮೊದಲು ಉತ್ತರ ಹೇಳುತ್ತೇನೆ. ಡಾಕ್ಟರ್ ಸೋಮೇಶ್ವರ ಅವರು 2002ರಿಂದ ಕೇಳುತ್ತಿದ್ದಾರೆ, ನಾನೂ ಅಂದಿನಿಂದ ಹೇಳುತ್ತಿದ್ದೇನೆ. ನಡೆಸುವವರು ವೈದ್ಯರು, ಸರಿ ಉತ್ತರಕ್ಕೆ ಬಹುಮಾನ ಪುಸ್ತಕ. ಇದಕ್ಕಿಂತ ಸಭ್ಯವಾದ ಟಿವಿ ಎಲ್ಲಿದೆ ಹೇಳಿ.

ನೆನಪಿದೆ. 1987ರಲ್ಲಿ ಭಾನುವಾರ ಬೆಳಗ್ಗೆ ರಾಮಾಯಣ. ಬೀದಿಯಲ್ಲಿ ನಮ್ಮದೊಂದೇ ಟಿವಿ. ಯಾರಿಗೂ ಹಿಂದಿ ಬರುತ್ತಿರಲಿಲ್ಲ, ಆದರೂ ಹಾಲ್ ತುಂಬಾ ಜನ. ಏಳು ವರ್ಷ ಆದ ಮೇಲೆ ಉದಯ ಟಿವಿ ಬಂತು, ಈ ನನ್ನ ಮಗನೇ ಹಟ ಮಾಡಿ ಕೇಬಲ್ ಹಾಕಿಸಿದ. 'ಸೌಂಡ್ ಕಡಿಮೆ ಮಾಡೋ, ಪಕ್ಕದ ಮನೆಗೆ ಕೇಳುತ್ತೆ' ಅಂತ ನಾನು ಕೂಗುತ್ತಿದ್ದೆ. ಎಷ್ಟೋ ಸಲ ಓದಿಕೋ ಅಂತ ಪ್ಲಗ್ ಕಿತ್ತಿದ್ದೇನೆ. ಈಗ ಅವನ ಸರದಿ ಅಂದುಕೊಂಡು ಸುಮ್ಮನಿದ್ದೇನೆ.

ನನ್ನ ಕಡೆಯಿಂದ ಕೇಳುವುದು ಸ್ವಲ್ಪವೇ. ಮೀಟಿಂಗ್ ಇದ್ದರೆ ಹಿಂದಿನ ದಿನವೇ ಹೇಳಿ, ಆ ಹೊತ್ತು ನಾನೇ ಆಫ್ ಮಾಡಿ ದೇವರ ಮನೆ ಕೆಲಸ ಮಾಡಿಕೊಳ್ಳುತ್ತೇನೆ. ಕೈಯಿಂದ ರಿಮೋಟ್ ಕಿತ್ತುಕೊಳ್ಳಬೇಡಿ. 'ಆ ದರಿದ್ರ ಧಾರಾವಾಹಿ' ಅನ್ನಬೇಡಿ. ಬೈಯುವುದಾದರೆ ಒಂದು ಕಂತು ನೋಡಿ ಬೈಯಿರಿ, ಆಗ ನಾನೂ ಸೇರಿಕೊಳ್ಳುತ್ತೇನೆ.

ಮತ್ತೆ ವಿಜಯನಗರದಿಂದ, ಮೂರು ವಾರದ ಮೇಲೆ

ಎಲ್ಲರಿಗೂ ಉತ್ತರ ಬರೆಯಲು ಆಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಇಷ್ಟು ಆಗಿದೆ.

ಮೈಸೂರಿನವರು ಹೇಳಿದ ಹಾಗೆ ಮೊದಲು ಕಿವಿ. ಜೋರು ವಾಲ್ಯೂಮ್ ಅಮ್ಮನದು ಅಂತ ನಾನು ಇಷ್ಟು ದಿನ ಅಂದುಕೊಂಡಿದ್ದೆ. ಅಮ್ಮನ ಕಿವಿ ಪರವಾಗಿಲ್ಲ. ಅಪ್ಪನದು ತೊಂದರೆ. ಅಪ್ಪನಿಗೆ ಕೇಳಿಸಲಿ ಅಂತ ಅಮ್ಮ ಏರಿಸುತ್ತಿದ್ದರಂತೆ, ಅಪ್ಪನಿಗೆ ಗೊತ್ತಾದರೆ ಬೇಜಾರು ಅಂತ ಯಾರಿಗೂ ಹೇಳಿರಲಿಲ್ಲ. ನಾನು ಬೈದಾಗಲೆಲ್ಲ ತಾನೇ ಬೈಸಿಕೊಂಡರು. ಬಲಗಿವಿಯಿಂದ ಗುಗ್ಗೆ ತೆಗೆಸಿದ ಮೇಲೆ 45 ಇದ್ದದ್ದು 30ಕ್ಕೆ ಇಳಿದಿದೆ. ಗ್ರಾಫ್ ತೆಗೆಸಲು ಮುಂದಿನ ಮಂಗಳವಾರ ಹೋಗಬೇಕು. ಅಪ್ಪ 'ನೋಡೋಣ' ಅಂದಿದ್ದಾರೆ. ಅದು ಬೇಡ ಅಂತಲೂ ಇರಬಹುದು.

ಮೀಟಿಂಗ್ ಹೊತ್ತನ್ನು ಭಾನುವಾರ ರಾತ್ರಿಯೇ ಕ್ಯಾಲೆಂಡರ್ ಮೇಲೆ ದಪ್ಪ ಪೆನ್ನಲ್ಲಿ ಬರೆಯುತ್ತೇನೆ. ಬುಧವಾರ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಅಮ್ಮನೇ ಆಫ್ ಮಾಡಿ, 'ಹೋಗು, ನಿನ್ನ ಧಾರಾವಾಹಿ ಶುರುವಾಗುತ್ತೆ' ಅಂದರು.

ನಿನ್ನೆ ಮಧ್ಯಾಹ್ನ ಊಟದ ತಟ್ಟೆ ಹಿಡಿದುಕೊಂಡು ಅವರ ಪಕ್ಕ ಕೂತು ಒಂದು ಕಂತು ಪೂರ್ತಿ ನೋಡಿದೆ. ಹಾಲಿಗೆ ಏನೋ ಬೆರೆಸಿಟ್ಟಿದ್ದಾರೆ. ಯಾರು ಅಂತ ತೋರಿಸಲಿಲ್ಲ, ಬಳೆ ಮಾತ್ರ ಕಾಣಿಸಿತು. ಅಮ್ಮನಿಗೆ ಗೊತ್ತಂತೆ. ಕೇಳಿದರೆ ಹೇಳುತ್ತಿಲ್ಲ.